ಬಿಜಲಿ ನಿಂತ ಬಗೆ: ಕರ್ವಾನಿ ನಾಯಿಯ ಫೋಟೋ ತೆಗೆದ ನನ್ನ ಅನುಭವ

ಮುಧೋಳದ ಹತ್ತಿರ ಒಬ್ಬರ ಬಳಿ ಒಳ್ಳೆಯ ಗಂಡು ನಾಯಿ ಇದೆ. ನಮ್ಮ ಹೆಣ್ಣು ನಾಯಿ ಬಿಜಲಿಗೆ ಅದರ ಜೋಡಿ ಸಿಗುತ್ತಾ ಅಂತ ಫೋನ್ ಮಾಡಿದೆ. ಅವರು ಬಣ್ಣ ಕೇಳಲಿಲ್ಲ, ಓಟ ಕೇಳಲಿಲ್ಲ. "ಒಂದ್ ಪಕ್ಕದ ಫೋಟೋ, ಒಂದ್ ಎದುರಿನ ಫೋಟೋ ಕಳಿಸ್ರಿ. ನಾಕೂ ಕಾಲು ಕಾಣಬೇಕು" ಅಂದರು. ಅಷ್ಟೇ ಅಲ್ವಾ ಅಂದುಕೊಂಡೆ. ಆ ಪಕ್ಕದ ಫೋಟೋಗೆ ಹನ್ನೊಂದು ದಿನ ಹಿಡಿಯಿತು.

ನಮ್ಮದು ಸಾಂಗಲಿ ಜಿಲ್ಲೆಯ ಜತ್ತ ತಾಲೂಕು, ಉಮದಿ ಕಡೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ನಾಯಿಗೂ ಹಾಗೇ ಎರಡು ಹೆಸರು. ಮರಾಠಿಯವರು ಕರ್ವಾನಿ ಅನ್ನುತ್ತಾರೆ, ನಾವು ಮುಧೋಳ ನಾಯಿ ಅನ್ನುತ್ತೇವೆ. ನಾಯಿ ತಳಿಗಳನ್ನು ನೋಂದಾಯಿಸುವ ಸಂಘಗಳಲ್ಲೂ ಹಾಗೇ: ಕೆನಲ್ ಕ್ಲಬ್ ಆಫ್ ಇಂಡಿಯಾದಲ್ಲಿ ಅದು ಕಾರವಾನ್ ಹೌಂಡ್, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್‌ನಲ್ಲಿ ಮುಧೋಳ ಹೌಂಡ್. 2005ರಲ್ಲಿ ಬಂದ ಅಂಚೆಚೀಟಿಯ ಮೇಲೂ ಮುಧೋಳ ಹೌಂಡ್ ಅಂತಲೇ ಇದೆ. ಹೆಸರು ಯಾವುದಿದ್ದರೂ ಮೈಕಟ್ಟು ಒಂದೇ. ಉದ್ದ ಮೂತಿ, ಆಳವಾದ ಎದೆ, ಒಳಕ್ಕೆ ಎಳೆದುಕೊಂಡ ಹೊಟ್ಟೆ, ಸೊಂಟದ ಮೇಲೆ ಒಂದು ಸಣ್ಣ ಬಾಗು.

ಮೊದಲ ದಿನ ನಾನು ಆ ಬಾಗನ್ನೇ ಅಳಿಸಿಬಿಟ್ಟಿದ್ದೆ. ಜರ್ಮನ್ ಶೆಫರ್ಡ್ ಫೋಟೋಗಳನ್ನು ನೋಡಿ ನೋಡಿ, ಶೋ ನಾಯಿ ಅಂದರೆ ಹಾಗೇ ನಿಲ್ಲಬೇಕು ಅಂತ ತಲೆಯಲ್ಲಿ ಕೂತಿತ್ತು. ಒಂದು ಹಿಂಗಾಲು ದೂರ ಹಿಂದಕ್ಕೆ, ಇನ್ನೊಂದು ಹೊಟ್ಟೆ ಕೆಳಗೆ, ಬೆನ್ನು ಇಳಿಜಾರು. ಬಿಜಲಿಯ ಹಿಂಗಾಲನ್ನು ಹಾಗೇ ಎಳೆದು ಇಟ್ಟೆ. ಫೋಟೋವನ್ನು ನಮ್ಮೂರಿನ ಒಬ್ಬ ಕುರಿಗಾರ ಅಜ್ಜನಿಗೆ ತೋರಿಸಿದೆ. ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಈ ನಾಯಿ ಇವೆ. ಅಜ್ಜ ಬಹಳ ಹೊತ್ತು ನೋಡಿದರು. "ಇದಕ್ಕ ಸೊಂಟಕ್ಕ ಪೆಟ್ಟಾಗೇದೇನು?" ಅಂದರು.

ನಿಜ. ಹಿಂಗಾಲು ಹಿಂದಕ್ಕೆ ಹೋದಷ್ಟೂ ಸೊಂಟ ಕುಸಿಯುತ್ತದೆ, ಬಾಗು ಚಪ್ಪಟೆ ಆಗುತ್ತದೆ. ಕಾಲು ಜಾಸ್ತಿ ಒಳಗೆ ಬಂದರೆ ಬೆನ್ನು ಗೂನಾಗುತ್ತದೆ. ಓಡುವ ನಾಯಿಗೆ ಆ ಸೊಂಟವೇ ಸ್ಪ್ರಿಂಗು. ಅದು ಕಾಣದ ಫೋಟೋ ಕಳಿಸಿ ಏನು ಉಪಯೋಗ?

ನಾನು ಗೌಂಡಿ ಕೆಲಸದವನು. ಗೋಡೆ ನೆಟ್ಟಗಿದೆಯೋ ಇಲ್ಲವೋ ಅಂತ ದಾರಕ್ಕೆ ಗುಂಡು ಕಟ್ಟಿ ನೋಡುತ್ತೇವೆ, ಅದಕ್ಕೆ ನಮ್ಮ ಕಡೆ ಒಳಂಬಾ ಅನ್ನುತ್ತಾರೆ. ಎರಡನೇ ದಿನದಿಂದ ಅದೇ ಲೆಕ್ಕ ನಾಯಿಗೂ ಹಿಡಿದೆ. ಹೆಗಲಿನ ಎತ್ತರದ ತುದಿಯಿಂದ ದಾರ ಬಿಟ್ಟರೆ ಮೊಣಕೈ ಹಾದು ಮುಂಗಾಲಿನ ಗುಂಟ ಇಳಿಯಬೇಕು. ಹಿಂದೆ, ಹಾಕ್ ಕೀಲಿನಿಂದ, ಅಂದರೆ ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿರುವ ಗಂಟಿನಿಂದ, ಪಾದದವರೆಗಿನ ತುಂಡು ನೆಲಕ್ಕೆ ನೇರ ನಿಲ್ಲಬೇಕು. ಕುಂಡೆ ಮೂಳೆಯ ತುದಿಯಿಂದ ಬಿಟ್ಟ ದಾರ ಹಿಂಗಾಲಿನ ಬೆರಳುಗಳ ಸ್ವಲ್ಪ ಮುಂದೆ ಬಿದ್ದರೆ ಸರಿ. ಮೈಮೇಲೆ ದಾರ ಹಿಡಿದರೆ ನಾಯಿ ಜರುಗುತ್ತದೆ. ಹಾಗಾಗಿ ಫೋಟೋ ತೆಗೆದ ಮೇಲೆ ಫೋನಿನ ಪರದೆ ಮೇಲೆ ಒಂದು ದಾರ ಇಟ್ಟು ನೋಡುತ್ತಿದ್ದೆ.

ಆದರೆ ಲೆಕ್ಕ ಗೊತ್ತಾದರೆ ಸಾಲದು. ಈ ಜಾತಿಗೆ ಮೈ ಮುಟ್ಟಿಸಿಕೊಳ್ಳೋದೇ ಇಷ್ಟವಿಲ್ಲ, ಅಪರಿಚಿತರಂತೂ ಮುಟ್ಟುವ ಹಾಗೇ ಇಲ್ಲ. ನಾನು ಪಾದ ಹಿಡಿದು ಇಟ್ಟ ಕೂಡಲೇ ಬಿಜಲಿ ಅದನ್ನು ಎತ್ತಿ ಬೇರೆ ಕಡೆ ಇಡುತ್ತಿತ್ತು. ಮೂರನೇ ಸಲಕ್ಕೆ ಬಾಲ ಒಳಗೆ ಸೇರಿತು, ಬೆನ್ನು ಮುದುಡಿತು, ಕಣ್ಣು ನನ್ನಿಂದ ತಿರುಗಿತು. ಆ ಮುಖ ನೋಡಿ ನನಗೆ ಹೊಟ್ಟೆ ಚುರುಕ್ ಅಂತು. ಎರಡು ದಿನ ಫೋನ್ ಮುಟ್ಟಲಿಲ್ಲ.

ಆಮೇಲೆ ದಾರಿ ಬದಲಿಸಿದೆ. ಕಾಲು ಇಡೋದನ್ನು ಅದಕ್ಕೇ ಬಿಟ್ಟೆ. ಸಡಿಲ ಹಗ್ಗದಲ್ಲಿ ಮೆಲ್ಲಗೆ ನಡೆಸೋದು, ನಾನು ನಿಲ್ಲೋದು, ಅದೂ ನಿಲ್ಲುತ್ತದೆ. ನೆಟ್ಟಗೆ ನಡೆದು ನಿಂತ ನಾಯಿಯ ಕಾಲು ಮುಕ್ಕಾಲು ಸಲ ತಾವೇ ಸರಿಯಾಗಿ ಬೀಳುತ್ತವೆ. ಬಿದ್ದರೆ ಒಂದು ಚೂರು ಬೇಯಿಸಿದ ಕಾಳಿಜ. ಬೀಳದಿದ್ದರೆ ಬೈಯೋದಿಲ್ಲ, ಸುಮ್ನೆ ಒಂದು ಸುತ್ತು ಹಾಕಿ ಮತ್ತೆ ಬರೋದು. ದಿನಕ್ಕೆ ಐದೇ ನಿಮಿಷ. ಒಂದು ಮುಂಗಾಲು ಮಾತ್ರ ತಪ್ಪಿದ್ದರೆ ಹೀಗೆ ಮಾಡುತ್ತಿದ್ದೆ: ಎಡಗಾಲು ಸರಿಪಡಿಸಬೇಕಾದರೆ ತಲೆಯನ್ನು ಮೆಲ್ಲಗೆ ಬಲಕ್ಕೆ ತಿರುಗಿಸು. ಭಾರ ಬಲಗಾಲಿಗೆ ಹೋಗುತ್ತದೆ, ಎಡಗಾಲು ಹಗುರ ಆಗುತ್ತದೆ. ಆಗ ಪಾದ ಮುಟ್ಟದೆ ಮೊಣಕೈ ಹತ್ತಿರ ಹಿಡಿದು ಎತ್ತಿ ಬಿಟ್ಟರೆ ಕಾಲು ತಾನೇ ನೆಟ್ಟಗೆ ಇಳಿಯುತ್ತದೆ.

ಫೋಟೋ ತೆಗೆದದ್ದು ನನ್ನ ಮಗಳು. ಮೊದಲು ನಿಂತುಕೊಂಡೇ ತೆಗೆದಳು, ನಾಯಿ ಗಿಡ್ಡ ಕಾಲಿನದಾಗಿ ಕಂಡಿತು. ಹತ್ತಿರ ಹೋದಳು, ತಲೆ ದೊಡ್ಡದಾಯಿತು, ಹಿಂದಿನ ಮೈ ಕರಗಿತು. ಕೊನೆಗೆ ಹನ್ನೆರಡು ಅಡಿ ದೂರ ಕೂತು, ಫೋನನ್ನು ನಾಯಿಯ ಎದೆ ಮಟ್ಟಕ್ಕೆ ಹಿಡಿದು, ಎರಡು ಪಟ್ಟು ಜೂಮ್ ಇಟ್ಟು ತೆಗೆದಾಗ ಅಳತೆ ಸರಿಬಂತು. ಫೋನು ಪಕ್ಕೆಗೆ ಸರಿಯಾಗಿ ಎದುರು ಇರಬೇಕು. ಸ್ವಲ್ಪ ಮುಂದೆ ಸರಿದರೂ ಬೆನ್ನು ಮೋಟಾಗುತ್ತದೆ.

ಜಾಗಕ್ಕೆ ನಮ್ಮ ಕಣ ಆರಿಸಿದೆ. ಹುಲ್ಲಿನಲ್ಲಿ ಪಾದ ಮುಚ್ಚಿಹೋಗುತ್ತದೆ, ಕಣದ ನೆಲ ಗಟ್ಟಿ, ಸಮ. ಬಿಜಲಿ ಗೋಧಿ ಬಣ್ಣದ್ದು. ಕಣಿಕೆ ಬಣವೆ ಮುಂದೆ ನಿಲ್ಲಿಸಿದಾಗ ಮೈಗೆರೆಯೇ ಕಾಣಲಿಲ್ಲ. ಕರಿಕಲ್ಲಿನ ಹಳೆ ಗೋಡೆ ಮುಂದೆ ನಿಲ್ಲಿಸಿದಾಗ ಕೆತ್ತಿದ ಹಾಗೆ ಎದ್ದು ಕಂಡಿತು. ಬೆಳಿಗ್ಗೆ ಏಳರ ಹೊತ್ತು, ಬಿಸಿಲು ಮಗಳ ಬೆನ್ನಿಗೆ. ಹೊತ್ತು ಏರಿದರೆ ಹೊಟ್ಟೆ ಕೆಳಗೆ ನೆರಳು ಕೂತು ಆ ಎಳೆದುಕೊಂಡ ಗೆರೆ ಮುಚ್ಚಿಹೋಗುತ್ತದೆ.

ಕೊನೆಯದು ಕಿವಿ. ಎಲ್ಲ ಸರಿ ನಿಂತರೂ ಕಿವಿ ಜೋತು ಮುಖ ಸಪ್ಪೆ. ಮಗಳು ಆಡಿನ ಹಾಗೆ ಕೂಗಿದಳು. ಬಿಜಲಿ ಬಾಲ ಎತ್ತಿ, ಮುಂದಕ್ಕೆ ವಾಲಿ, ಹಗ್ಗ ಜಗ್ಗಿತು. ಹನ್ನೊಂದನೇ ದಿನ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಒಂದು ಕಡಕ್ ಜೋಳದ ರೊಟ್ಟಿ ಮುರಿದಳು. ಚಟ್ ಅಂತ ಸಣ್ಣ ಸದ್ದು. ಕಾಲು ಕದಲಲಿಲ್ಲ. ಕತ್ತು ಎರಡು ಬೆರಳು ಮೇಲೆದ್ದಿತು, ಕಿವಿಯ ಬುಡ ಮೇಲಕ್ಕೆ ಬಂತು, ಕಣ್ಣು ಅಗಲವಾಯಿತು. ಸೊಂಟದ ಬಾಗು ಅದರ ಜಾಗದಲ್ಲೇ ಇತ್ತು. ಮಗಳು ಒತ್ತಿದಳು.

ಎದುರಿನ ಫೋಟೋ ಅದೇ ದಿನ ಸಿಕ್ಕಿತು. ಎರಡನ್ನೂ ಅಜ್ಜನಿಗೆ ತೋರಿಸಿ, ಆಮೇಲೆ ಕಳಿಸಿದೆ. ಸಂಜೆ ಫೋನ್ ಬಂತು. "ಸೊಂಟ ಚಲೋ ಅದ. ಎಡಗಡಿ ಮುಂಗಾಲಿನ ಪಾದ ಒಂದೀಟ್ ಹೊರಗ ತಿರುಗೇದ, ನೋಡೀರೇನು?" ನೋಡಿದ್ದೆ. ಮೊಣಕೈ ಹಿಡಿದು ಸರಿಸಿ ಅದನ್ನು ಮುಚ್ಚಬಹುದಿತ್ತು, ಮುಚ್ಚಿರಲಿಲ್ಲ. ಹೌದ್ರಿ ಅಂದೆ. "ನಮ್ಮ ಗಂಡಿನ ಕಾಲು ನೆಟ್ಟಗ ಅದಾವು. ಬೆದಿಗೆ ಬಂದ್ ಮ್ಯಾಲ ಕರ್ಕೊಂಡ್ ಬರ್ರಿ" ಅಂದರು.