ಸುಣ್ಣದ ಚೀಲದಲ್ಲಿ ಸುಣ್ಣ ಎಷ್ಟು?

ಮುಧೋಳ ತಾಲೂಕಿನ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬ್‌ಗೆ ಸೇರಿದಾಗ ನಾನು ಬಿಎಸ್ಸಿ ಮುಗಿಸಿ ಮೂರು ತಿಂಗಳಾಗಿತ್ತು. ರಾಸಾಯನಿಕ ಸಮೀಕರಣ ಸರಿದೂಗಿಸುವುದರಲ್ಲಿ ನನ್ನ ಬಿಟ್ಟರೆ ಯಾರಿಲ್ಲ ಅನ್ನುವ ಜಂಬ ಬೇರೆ. ಮೊದಲ ವಾರವೇ ಲ್ಯಾಬ್ ಇನ್‌ಚಾರ್ಜ್ ಒಂದು ಚೀಟಿ ಕೈಗಿಟ್ಟರು.

"ದಿನಕ್ಕ ಐದು ಸಾವಿರ ಟನ್ ಕಬ್ಬು ನುರಸ್ತೀವಿ. ರಸಕ್ಕ 2400 ಕೆಜಿ ಗಂಧಕ ಸುಡ್ತೀವಿ. ಸುಣ್ಣ ಎಷ್ಟು ಚೀಲ ಬೇಕು, ಲೆಕ್ಕ ಹಾಕ್ಕೊಂಡು ಬಾ."

ಸಕ್ಕರೆ ಕಾರ್ಖಾನೆಗೆ ಸುಣ್ಣ ಯಾಕೆ ಅಂತ ಕೆಲವರು ಕೇಳುತ್ತಾರೆ. ಗಾಣದಿಂದ ಬರುವ ಕಬ್ಬಿನ ರಸ ಕಪ್ಪು ಹಸಿರು, ಸ್ವಲ್ಪ ಹುಳಿ. ಅದರಲ್ಲಿ ಮಣ್ಣು, ಮೇಣ, ಬಣ್ಣ ಎಲ್ಲ ಇರುತ್ತದೆ. ಅದನ್ನು 70 ಡಿಗ್ರಿಗೆ ಕಾಯಿಸಿ, ಒಂದು ಕಡೆಯಿಂದ ಸುಣ್ಣದ ಹಾಲು, ಇನ್ನೊಂದು ಕಡೆಯಿಂದ ಗಂಧಕ ಸುಟ್ಟ ಹೊಗೆ ಬಿಡುತ್ತಾರೆ. ಹೊಗೆ ಅಂದರೆ ಸಲ್ಫರ್ ಡೈಆಕ್ಸೈಡ್. ಎರಡೂ ಸೇರಿದರೆ ಕ್ಯಾಲ್ಸಿಯಂ ಸಲ್ಫೈಟ್ ಎಂಬ ಬಿಳಿ ಪುಡಿ ಹುಟ್ಟುತ್ತದೆ. ಆ ಪುಡಿ ಕೊಳೆಯನ್ನೆಲ್ಲ ಹಿಡಿದುಕೊಂಡು ತಳಕ್ಕೆ ಕೂರುತ್ತದೆ. ಮೇಲೆ ತಿಳಿಯಾದ ರಸ ಉಳಿಯುತ್ತದೆ. ರಸದ ಪಿಎಚ್, ಅಂದರೆ ಹುಳಿ ಎಷ್ಟು ಅಂತ ಹೇಳುವ ಅಂಕಿ, 7ರ ಆಸುಪಾಸು ನಿಲ್ಲಬೇಕು. 7ಕ್ಕಿಂತ ಕೆಳಗಿದ್ದರೆ ಹುಳಿ. ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ.

ನಾನು ಕೂತು ಲೆಕ್ಕ ಹಾಕಿದೆ. ಗಂಧಕ 32 ಭಾಗ, ಆಕ್ಸಿಜನ್ 32 ಭಾಗ, ಸೇರಿದರೆ ಹೊಗೆ 64 ಭಾಗ. ಅಂದರೆ 2400 ಕೆಜಿ ಗಂಧಕಕ್ಕೆ 4800 ಕೆಜಿ ಹೊಗೆ. 64 ಭಾಗ ಹೊಗೆಗೆ ಸುಟ್ಟ ಸುಣ್ಣ 56 ಭಾಗ ಬೇಕು. ಹಾಗಾದರೆ 4200 ಕೆಜಿ. ಬಂದಿದ್ದ ಸುಣ್ಣದಲ್ಲಿ ಕೆಲಸಕ್ಕೆ ಬರುವ ಸುಣ್ಣ ನೂರಕ್ಕೆ 84 ಅಂತ ರಿಪೋರ್ಟ್ ಇತ್ತು. 4200ನ್ನು 0.84ರಿಂದ ಭಾಗಿಸಿದರೆ ಸರಿಯಾಗಿ 5000 ಕೆಜಿ. ಚೀಲಕ್ಕೆ 50 ಕೆಜಿ. ನೂರು ಚೀಲ! ಇಷ್ಟು ಚೆಂದದ ಉತ್ತರ ತಪ್ಪಿರಲು ಸಾಧ್ಯವೇ ಇಲ್ಲ ಅಂದುಕೊಂಡು ಸುತ್ತ ಒಂದು ಗೆರೆ ಎಳೆದು ಕೊಟ್ಟೆ.

ಅವರು ನೋಡಿ ನಕ್ಕರು. "ಗೋಡೌನ್‌ಗೆ ಹೋಗಿ ನಿನ್ನಿ ಖರ್ಚು ನೋಡ್ಕೊಂಡು ಬಾ." ಹೋಗಿ ನೋಡಿದೆ. 141 ಚೀಲ.

ಆ 41 ಚೀಲ ಎಲ್ಲಿ ಹೋಯಿತು ಅನ್ನುವ ಮೊದಲು ಒಂದು ಮಾತು. ಈಗ ಹೊಸದಾಗಿ ಬರುವ ಹುಡುಗರಿಗೆ ನಾನೇ ಇದನ್ನು ಹೇಳಿಕೊಡುತ್ತೇನೆ. ಅವರು ಎಡವುವುದು 32, 56, 64 ಎಂಬ ಅಂಕಿಗಳ ಹತ್ತಿರ. ಒಂದು ಕೆಜಿಗೆ ಒಂದು ಕೆಜಿ ಯಾಕೆ ಅಲ್ಲ ಅಂತ. ಅವರನ್ನು ಕಿಟಕಿ ಹತ್ತಿರ ಕರೆದು ಯಾರ್ಡ್ ತೋರಿಸುತ್ತೇನೆ. ನಮ್ಮ ಕಡೆ ಕಬ್ಬು ಬರುವುದು ಟ್ರ್ಯಾಕ್ಟರ್‌ನಲ್ಲಿ, ಒಂದು ಇಂಜಿನ್‌ಗೆ ಎರಡು ಟ್ರೇಲರ್. ಯಾರೂ ಇಂಜಿನ್ ತೂಕಕ್ಕೆ ಸರಿಯಾಗಿ ಟ್ರೇಲರ್ ತೂಗಿ ಕಟ್ಟುವುದಿಲ್ಲ. ಎಣಿಸಿ ಕಟ್ಟುತ್ತಾರೆ. ಆದರೆ ಒಂದು ಇಂಜಿನ್ ಎರಡು ಟನ್, ಖಾಲಿ ಟ್ರೇಲರ್ ಒಂದೂವರೆ ಟನ್ ಅಂದುಕೊಳ್ಳಿ. ಆಗ ಎಣಿಸದೆಯೂ ಹೇಳಬಹುದು: 20 ಟನ್ ಇಂಜಿನ್‌ಗೆ 30 ಟನ್ ಟ್ರೇಲರ್ ಬೇಕು. ಮೋಲ್ ಅಂದರೆ ಇಷ್ಟೇ. ಅಣುಗಳನ್ನು ಎಣಿಸಲು ಬೆರಳು ಸಾಲುವುದಿಲ್ಲ, ಅದಕ್ಕೆ ತೂಗುತ್ತೇವೆ. 32 ಗ್ರಾಂ ಗಂಧಕದಲ್ಲಿ ಎಷ್ಟು ಪರಮಾಣು ಇವೆಯೋ 56 ಗ್ರಾಂ ಸುಟ್ಟ ಸುಣ್ಣದಲ್ಲಿ ಅಷ್ಟೇ ಜೋಡಿ ಕ್ಯಾಲ್ಸಿಯಂ-ಆಕ್ಸಿಜನ್ ಇವೆ. 6.022 ಗುಣಿಸು 10ರ 23ನೇ ಘಾತ. ಈ ಅಂಕಿ ಮರೆತರೂ ನಡೆಯುತ್ತದೆ, ನನ್ನ ಕೆಲಸದಲ್ಲಿ ಒಂದು ದಿನವೂ ಬಳಸಿಲ್ಲ.

ಅದೇ ಯಾರ್ಡ್‌ನಲ್ಲಿ ಇನ್ನೊಂದು ಪಾಠವೂ ಇದೆ. ಇಂಜಿನ್ ಹತ್ತು, ಟ್ರೇಲರ್ ಹದಿನಾಲ್ಕು ಇದ್ದರೆ ಗಾಡಿ ಎಷ್ಟು ಹೊರಡುತ್ತವೆ? ಏಳು. ಉಳಿದ ಮೂರು ಇಂಜಿನ್ ಬೇವಿನ ಗಿಡದ ಕೆಳಗೆ ಜೋರಾಗಿ ಹಾಡು ಹಾಕಿಕೊಂಡು ನಿಂತಿರುತ್ತವೆ. ಎಷ್ಟು ಮಾಲು ತಯಾರಾಗುತ್ತದೆ ಅಂತ ಹೇಳುವುದು ಮೊದಲು ಮುಗಿಯುವ ಸಾಮಾನು, ಜಾಸ್ತಿ ಇರುವುದಲ್ಲ. ಗಂಧಕದ ಒಲೆಯಲ್ಲಿ ನಾವು ಬೇಕಂತಲೇ ಗಾಳಿಯನ್ನು ಜಾಸ್ತಿ ಬಿಡುತ್ತೇವೆ. ಒಂದು ಕೆಜಿ ಗಂಧಕಕ್ಕೆ ಒಂದು ಕೆಜಿ ಆಕ್ಸಿಜನ್ ಸಾಕು. ಗಾಳಿಯ ತೂಕದಲ್ಲಿ ಆಕ್ಸಿಜನ್ ನೂರಕ್ಕೆ 23 ಮಾತ್ರ, ಹಾಗಾಗಿ ಗಾಳಿ ಸುಮಾರು 4.3 ಕೆಜಿ. ಲೆಕ್ಕದಷ್ಟೇ ಕೊಟ್ಟರೆ ಸುಡದ ಗಂಧಕ ಆವಿಯಾಗಿ ಮುಂದೆ ಹೋಗಿ, ತಣ್ಣಗಾದ ಕಡೆ ಪೈಪ್ ಒಳಗೆ ಹಳದಿಯಾಗಿ ಕೂರುತ್ತದೆ. ಆ ಪೈಪ್ ಬಿಚ್ಚಿ ಕೊರೆದು ತೆಗೆದವರಿಗೇ ಗೊತ್ತು ಅದರ ಸುಖ.

ಈಗ 41 ಚೀಲಕ್ಕೆ ಬರೋಣ. ನಾನು ಬರೆದ ಸಮೀಕರಣದಲ್ಲಿ ತಪ್ಪಿರಲಿಲ್ಲ. ಆದರೆ ಆ ಟ್ಯಾಂಕ್‌ನಲ್ಲಿ ನಡೆಯುತ್ತಿದ್ದದ್ದು ಅದೊಂದೇ ಅಲ್ಲ. ರಸದಲ್ಲಿ ಫಾಸ್ಫೇಟ್ ಇರುತ್ತದೆ. ಕಡಿಮೆ ಇದ್ದರೆ ಫಾಸ್ಫಾರಿಕ್ ಆಮ್ಲ ಹಾಕಿ ನಾವೇ ಒಂದು ಕೆಜಿ ರಸಕ್ಕೆ 300 ಮಿಲಿಗ್ರಾಂವರೆಗೆ ತರುತ್ತೇವೆ, ರಸ ಚೆನ್ನಾಗಿ ತಿಳಿಯಾಗಲಿ ಅಂತ. ಅದೂ ಸುಣ್ಣ ತಿನ್ನುತ್ತದೆ. ಐದು ಸಾವಿರ ಟನ್ ಕಬ್ಬಿಗೆ, ನೀರು ಸೇರಿ ಸುಮಾರು ಅಷ್ಟೇ ತೂಕದ ರಸ ಬರುತ್ತದೆ. ಅದರಲ್ಲಿ 1500 ಕೆಜಿ ಫಾಸ್ಫರಸ್ ಪೆಂಟಾಕ್ಸೈಡ್ ಲೆಕ್ಕ (ರಸದ ಫಾಸ್ಫೇಟನ್ನು ನಾವು ಈ ರೂಪದಲ್ಲೇ ಅಳೆಯುತ್ತೇವೆ). ಅದರ 142 ಭಾಗಕ್ಕೆ ಸುಟ್ಟ ಸುಣ್ಣ ಮೂರು ಪಾಲು, ಅಂದರೆ ಮೂರು ಸಲ 56, ಒಟ್ಟು 168 ಭಾಗ ಬೇಕು. 1500ಕ್ಕೆ ಸುಮಾರು 1775 ಕೆಜಿ. 84ರ ಸುಣ್ಣದಲ್ಲಿ 42 ಚೀಲ.

100 ಮತ್ತು 42. ಗೋಡೌನ್ ಪುಸ್ತಕದಲ್ಲಿ 141!

ಇಷ್ಟು ಹತ್ತಿರ ಬಂದಿದ್ದು ಪೂರ್ತಿ ನನ್ನ ಜಾಣತನ ಅಲ್ಲ ಅಂತ ಆಮೇಲೆ ತಿಳಿಯಿತು. ಹೊಗೆಯೆಲ್ಲ ರಸಕ್ಕೆ ಇಳಿಯುವುದಿಲ್ಲ, ಸ್ವಲ್ಪ ಚಿಮಣಿ ದಾರಿ ಹಿಡಿಯುತ್ತದೆ. ಆಗ ಸುಣ್ಣ ಕಡಿಮೆ ಸಾಕು. ರಸದ ಸ್ವಂತ ಹುಳಿಗೆ ಮತ್ತೆ ಸುಣ್ಣ ಬೇಕು. ಒಂದು ತಪ್ಪು ಇನ್ನೊಂದನ್ನು ಮುಚ್ಚಿತ್ತು. ಕೆಲವು ದಿನ 134, ಕೆಲವು ದಿನ 150 ಹೋಗುತ್ತಿತ್ತು. ಆದರೂ 142 ಅನ್ನುವ ಅಂಕಿಯನ್ನು ನಾನು ದೇವರ ಫೋಟೋ ಥರ ಗೋಡೆಗೆ ಅಂಟಿಸಿಕೊಂಡೆ. ಅದೇ ಮುಂದಿನ ಹಂಗಾಮಿನಲ್ಲಿ ಕೈ ಕೊಟ್ಟಿದ್ದು.

ಜನವರಿ ತಿಂಗಳು, ರಾತ್ರಿ 12ರಿಂದ 8ರ ಶಿಫ್ಟ್. ಸುಣ್ಣದ ಹಾಲಿನ ಗಟ್ಟಿತನ ನೋಡುವ ಬೋಮೆ ಮೀಟರ್ ಒಡೆದು ಎರಡು ದಿನ ಆಗಿತ್ತು. ಹೊಸದು ಬಂದಿರಲಿಲ್ಲ. ಚೀಲ ಎಣಿಸಿ ಟ್ಯಾಂಕ್‌ಗೆ ಹಾಕಿ ಅಂದಿದ್ದೆ, ತಾಸಿಗೆ ಆರು. ಒಂದು ಗಂಟೆ ಹೊತ್ತಿಗೆ ಸುಣ್ಣದ ಟ್ಯಾಂಕ್ ನೋಡಿಕೊಳ್ಳುವ ಕಾಕಾ ಲ್ಯಾಬ್ ಬಾಗಿಲಿಗೆ ಬಂದು ನಿಂತರು.

"ಸಾಹೇಬ್ರ, ಇವತ್ತ ಬಂದ ಸುಣ್ಣ ಕುದಿಯೂದ ಇಲ್ರಿ. ನೀರ ಹಾಕಿದ್ರ ಸುಮ್ಮನ ಕುಂದರತೈತಿ."

ಸರಿ ನೋಡ್ತೀನಿ ಅಂದೆ. ನೋಡಲಿಲ್ಲ. ಸಕ್ಕರೆ ಮಾದರಿಗಳ ಬಣ್ಣ ಅಳೆಯುವುದು ಬಾಕಿ ಇತ್ತು.

ಮೂರು ಗಂಟೆಗೆ ಫೋನ್. "ಪಿಎಚ್ ಬೀಳಾಕತ್ತೈತ್ರಿ. 6.3 ಐತಿ. ಸುಣ್ಣದ ವಾಲ್ವ್ ಪೂರಾ ತಗದೀವಿ." ಓಡಿದೆ. ರಸದ ಬಣ್ಣ ನೋಡಿಯೇ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಟ್ಯಾಂಕ್ ಪಕ್ಕ ಒಡೆದಿದ್ದ ಚೀಲದಲ್ಲಿ ಕೈ ಹಾಕಿದೆ. ಹಿಟ್ಟಿನ ಥರ ನುಣ್ಣಗಿನ ಪುಡಿ. ಒಂದೂ ಗಡ್ಡೆ ಇಲ್ಲ.

ಆಗ ನೆನಪಾಗಿದ್ದು ನಮ್ಮಜ್ಜಿ. ದೀಪಾವಳಿಗೆ ಮನೆಗೆ ಸುಣ್ಣ ಬಳಿಯುವಾಗ ಅಜ್ಜಿ ಹಳೆಯ ಡ್ರಮ್‌ನಲ್ಲಿ ಸುಟ್ಟ ಸುಣ್ಣದ ಕಲ್ಲು ಹಾಕಿ ನೀರು ಸುರಿಯುತ್ತಿದ್ದಳು. ಒಲೆ ಇಲ್ಲದೆ ಡ್ರಮ್ ಕೊತಕೊತ ಕುದಿಯುತ್ತಿತ್ತು. "ದೂರ ನಿಂದ್ರೋ, ಕಣ್ಣಿಗೆ ಸಿಡದೀತು" ಅಂತ ಕೂಗುತ್ತಿದ್ದಳು. ಸುಟ್ಟ ಸುಣ್ಣ 56 ಭಾಗ 18 ಭಾಗ ನೀರು ಕುಡಿದು 74 ಭಾಗ ಅರಳಿದ ಸುಣ್ಣ ಆಗುತ್ತದೆ. ಕುಡಿಯುವಾಗ ಕಾಯುತ್ತದೆ. ಕಾಕಾ ಹೇಳಿದ್ದು ಅದನ್ನೇ. ಈ ಸುಣ್ಣ ಕುದಿಯುತ್ತಿಲ್ಲ ಅಂದರೆ ಮೊದಲೇ ನೀರು ಕುಡಿದು ಬಂದಿದೆ. ಚೀಲದ ತೂಕ ಅದೇ 50 ಕೆಜಿ. ಅದರಲ್ಲಿ ನಾಲ್ಕನೇ ಒಂದು ಪಾಲಿನ ಹತ್ತಿರ ನೀರೇ.

ಇನ್‌ಚಾರ್ಜ್‌ಗೆ ಫೋನ್ ಮಾಡಿದರೆ, "ಮೊದಲ ಚೀಲ ಜಾಸ್ತಿ ಹಾಕಸು, ಲೆಕ್ಕ ಆಮ್ಯಾಲೆ" ಅಂದರು. ಹಾಕಿಸಿದೆ. ಆಮೇಲೆ ಬಂದು ಟೈಟ್ರೇಶನ್ ಮಾಡಿದೆ, ಅಂದರೆ ಕೆಲಸಕ್ಕೆ ಬರುವ ಸುಣ್ಣ ಎಷ್ಟಿದೆ ಅಂತ ಆಮ್ಲ ಬಿಟ್ಟು ಅಳೆದೆ.

ಅದನ್ನು ಮಾಡುವ ರೀತಿ ಹೇಳುತ್ತೇನೆ, ಯಾರಿಗಾದರೂ ಬೇಕಾದೀತು. ಸುಣ್ಣ ಬರೀ ನೀರಲ್ಲಿ ಸರಿಯಾಗಿ ಕರಗುವುದಿಲ್ಲ. ಸಕ್ಕರೆ ನೀರಲ್ಲಿ ಚೆನ್ನಾಗಿ ಕರಗುತ್ತದೆ. ಸಕ್ಕರೆಗೆ ನಮ್ಮಲ್ಲಿ ಬರ ಇಲ್ಲವಲ್ಲ. ಪುಡಿ ಮಾಡಿದ ಸುಣ್ಣ 1.4 ಗ್ರಾಂ ತೂಗಿ, ಸ್ವಲ್ಪ ಬಿಸಿನೀರಲ್ಲಿ ಕಲಸಿ, ಸಕ್ಕರೆ ದ್ರಾವಣ ಹಾಕಿ ಚೆನ್ನಾಗಿ ಕುಲುಕಬೇಕು. ಎರಡು ಹನಿ ಫಿನಾಲ್ಫ್ಥಲೀನ್ ಬಿಟ್ಟರೆ ಗುಲಾಬಿ ಬಣ್ಣ. ಬ್ಯುರೆಟ್‌ನಿಂದ (ಮಿಲಿ ಗುರುತಿರುವ ಗಾಜಿನ ನಳಿಗೆ) 1 ನಾರ್ಮಲ್ ಗಟ್ಟಿತನದ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತಾ ಹೋಗಿ, ಬಣ್ಣ ಮೊದಲ ಸಲ ಹೋದಾಗ ನಿಲ್ಲಿಸಬೇಕು. ಸ್ವಲ್ಪ ಹೊತ್ತಿಗೆ ಗುಲಾಬಿ ಮತ್ತೆ ಬರಬಹುದು. ಅದರ ಬೆನ್ನು ಹತ್ತಬಾರದು. ಬೆನ್ನು ಹತ್ತಿದರೆ ಸುಡದೆ ಉಳಿದ ಕಲ್ಲನ್ನೂ ಸುಣ್ಣ ಅಂತ ಎಣಿಸಿದ ಹಾಗಾಗುತ್ತದೆ.

1.4 ಗ್ರಾಂ ಯಾಕೆ? ಈ ಆಮ್ಲದ ಒಂದು ಮಿಲಿಗೆ ಸುಟ್ಟ ಸುಣ್ಣ 0.028 ಗ್ರಾಂ. ಅಪ್ಪಟ ಸುಣ್ಣ 1.4 ಗ್ರಾಂ ಇದ್ದರೆ ಬ್ಯುರೆಟ್‌ನ 50 ಮಿಲಿ ಪೂರ್ತಿ ಖಾಲಿ. ಹಾಗಾಗಿ ಬಂದ ಮಿಲಿಯನ್ನು ಎರಡರಿಂದ ಗುಣಿಸಿದರೆ ಅದೇ ಶೇಕಡಾ. ನಿದ್ದೆಗಣ್ಣಲ್ಲೂ ತಪ್ಪುವುದಿಲ್ಲ.

ಆ ರಾತ್ರಿ ಬಂದಿದ್ದು 30.5 ಮಿಲಿ. ನೂರಕ್ಕೆ 61. ನಮಗೆ ದಿನಕ್ಕೆ ಬೇಕಾದದ್ದು 4200 ಮತ್ತು 1775, ಒಟ್ಟು 5975 ಕೆಜಿ ಸುಣ್ಣ. 61ರ ಮಾಲಲ್ಲಿ ಅದು 196 ಚೀಲ. ನಾನು ಹಾಕಿಸುತ್ತಿದ್ದದ್ದು 142ರ ಲೆಕ್ಕ.

ಬರೀ ಬಣ್ಣ ಕೆಟ್ಟಿದ್ದರೆ ಅಷ್ಟು ಬೇಜಾರಿರಲಿಲ್ಲ. ಹುಳಿ ರಸವನ್ನು ಬಿಸಿಯಾಗಿ ಇಟ್ಟರೆ ಸಕ್ಕರೆ ಒಡೆಯುತ್ತದೆ. 342 ಭಾಗ ಸಕ್ಕರೆ 18 ಭಾಗ ನೀರು ತೆಗೆದುಕೊಂಡು 360 ಭಾಗ ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. 100 ಕೆಜಿ ಸಕ್ಕರೆ ಹೋಗಿ 105 ಕೆಜಿಯಷ್ಟು ಹರಳುಗಟ್ಟದ ಸಿಹಿ! ರಸದ ಬ್ರಿಕ್ಸ್, ಅಂದರೆ ಅದರಲ್ಲಿ ಕರಗಿರುವ ಒಟ್ಟು ಪದಾರ್ಥದ ಅಳತೆ, ನೋಡಿದರೆ ಏನೂ ಕಳೆದಿಲ್ಲ ಅನ್ನಿಸುತ್ತದೆ, ಚೂರು ಹೆಚ್ಚೇ ಕಾಣುತ್ತದೆ. ಚೀಲಕ್ಕೆ ಬರಬೇಕಾದ ಸಕ್ಕರೆ ಮಾತ್ರ ಕಾಕಂಬಿಗೆ ಸೇರಿರುತ್ತದೆ. ಬೆಳಗ್ಗೆ ಮೀಟಿಂಗ್‌ನಲ್ಲಿ ಪ್ಯೂರಿಟಿ (ಕರಗಿದ್ದರಲ್ಲಿ ಸಕ್ಕರೆ ನೂರಕ್ಕೆ ಎಷ್ಟು ಅನ್ನುವುದು) ಯಾಕೆ ಇಳಿಯಿತು ಅಂತ ಕೇಳಿದಾಗ ನಾನು ಬೋಮೆ ಮೀಟರ್ ಹೆಸರು ಹೇಳಿದೆ. ಕಾಕಾ ಒಂದು ಗಂಟೆಗೇ ಬಂದು ಹೇಳಿದ್ದರು ಅನ್ನುವುದನ್ನು ಹೇಳಲಿಲ್ಲ.

ಪಕ್ಕದ ಡಿಸ್ಟಿಲರಿಯಲ್ಲಿ ನನ್ನ ಗೆಳೆಯನಿದ್ದಾನೆ. ಕಾಕಂಬಿಗೆ ಹೋದದ್ದು ಅವನಿಗೆ ಲಾಭ ಅಂತ ತಮಾಷೆ ಮಾಡುತ್ತಾನೆ. ಅವನ ಲೆಕ್ಕದಲ್ಲಿ ಒಡೆದ ಸಕ್ಕರೆ, ಅಂದರೆ ಗ್ಲೂಕೋಸ್ ಅಥವಾ ಫ್ರಕ್ಟೋಸ್, 180 ಭಾಗಕ್ಕೆ 92 ಭಾಗ ಆಲ್ಕೋಹಾಲ್, 88 ಭಾಗ ಕಾರ್ಬನ್ ಡೈಆಕ್ಸೈಡ್. ಹತ್ತಿರ ಹತ್ತಿರ ಅರ್ಧ ಸಕ್ಕರೆ ಗಾಳಿಗೇ ಹೋಗುತ್ತದೆ. ಒಂದು ಟನ್ ಕಾಕಂಬಿಯಲ್ಲಿ 450 ಕೆಜಿ ಹುದುಗುವ ಸಕ್ಕರೆ ಇದ್ದರೆ 230 ಕೆಜಿ ಆಲ್ಕೋಹಾಲ್, ಅಂದರೆ 291 ಲೀಟರ್ ಬರಬೇಕು. ನೂರಕ್ಕೆ 90 ಬಂದರೂ ಅವನು ಖುಷಿ. ಉಳಿದದ್ದನ್ನು ಯೀಸ್ಟ್ ತನ್ನ ಸಂಸಾರಕ್ಕೆ ಇಟ್ಟುಕೊಳ್ಳುತ್ತದೆ ಅನ್ನುತ್ತಾನೆ.

ಈಗ ಸುಣ್ಣದ ಲಾರಿ ಬಂದರೆ ಗೇಟ್‌ನಲ್ಲೇ ನಿಲ್ಲಿಸುತ್ತೇವೆ. ಮೇಲಿನ ಚೀಲದಿಂದ ಮಾದರಿ ತೆಗೆಯುವುದಿಲ್ಲ. ನಡುವಿನ, ತಳದ ಚೀಲಗಳಿಗೆ ಬಂಬು (ಮಾದರಿ ಎಳೆಯುವ ಚೂಪು ಕೊಳವೆ) ಚುಚ್ಚಿ ತೆಗೆಯುತ್ತೇವೆ. ತುಂಬಾ ದಿನ ಗಾಳಿಗೆ ಬಿದ್ದ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹಿಡಿದು ಮತ್ತೆ ಕಲ್ಲೇ ಆಗಿರುತ್ತದೆ. ಭಟ್ಟಿಯಲ್ಲಿ 100 ಭಾಗ ಕಲ್ಲು ಸುಟ್ಟು 56 ಭಾಗ ಸುಣ್ಣ ಮಾಡಿದ ಕಟ್ಟಿಗೆ, ಕಲ್ಲಿದ್ದಲು ಎಲ್ಲ ದಂಡ. ಮಾದರಿ ಬಂದ ಮೇಲೆ ಮೊದಲು ಕಾಕಾ ಒಂದು ಡಬ್ಬಿಯಲ್ಲಿ ಹಿಡಿ ಸುಣ್ಣ ಹಾಕಿ ನೀರು ಬಿಡುತ್ತಾರೆ. ಕುದಿಯಿತೋ ಇಲ್ಲವೋ ಹೇಳುತ್ತಾರೆ. ಆಮೇಲೆ ನನ್ನ ಬ್ಯುರೆಟ್.

ಮೊನ್ನೆ ಲೋಕಾಪುರ ಕಡೆಯಿಂದ ಒಂದು ಲಾರಿ ಬಂತು. ಕಾಕಾ ಡಬ್ಬಿ ನೋಡಿ, "ಕುದೀತೈತ್ರಿ, ಆದ್ರ ತಡಾ ಆತು" ಅಂದರು. ಬ್ಯುರೆಟ್‌ನಲ್ಲಿ 37.5 ಮಿಲಿ. ಎರಡರಿಂದ ಗುಣಿಸಿದೆ, 75. ಇಳಿಸಿಕೊಳ್ಳಿ ಅಂದೆ. ಟ್ಯಾಂಕ್ ಪಕ್ಕದ ಬೋರ್ಡ್‌ನಲ್ಲಿದ್ದ 142 ಅಳಿಸಿ 159 ಅಂತ ಬರೆದೆ.