ಅಲ್ಯೂಮಿನಿಯಂ ವಿ-8 ಎಂಜಿನ್: ಎರಕದಿಂದ ಓಟದವರೆಗೆ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಿಗೆ ಬೀಡುಕಬ್ಬಿಣದ ಎರಕ ಹೊಸದಲ್ಲ. ಆದರೆ ಅಲ್ಯೂಮಿನಿಯಂ ಎಂಜಿನ್ ಬ್ಲಾಕ್ (ಸಿಲಿಂಡರ್‌ಗಳನ್ನು ಹೊತ್ತ ಮುಖ್ಯ ಒಡಲು) ಎರಕ ಹೊಯ್ಯುವುದು ಬೇರೆಯೇ ಬಗೆಯ ಜಾಗ್ರತೆ ಬೇಡುತ್ತದೆ. ಅಮೆರಿಕದ ಕಾರು ಕಂಪನಿ ಬ್ಯೂಕ್ 1960ರ ದಶಕದ ಆರಂಭದಲ್ಲಿ ತಯಾರಿಸಿ ಕೈಬಿಟ್ಟ, 1965ರಲ್ಲಿ ಬ್ರಿಟನ್ನಿನ ರೋವರ್ ಹಕ್ಕು ಪಡೆದು ದಶಕಗಳ ಕಾಲ ಬಳಸಿದ 3.5 ಲೀಟರ್ ವಿ-8 ಎಂಜಿನನ್ನೇ (ಇಂಗ್ಲಿಷಿನ V ಆಕಾರದಲ್ಲಿ ಎಂಟು ಸಿಲಿಂಡರ್) ಉದಾಹರಣೆಗೆ ತೆಗೆದುಕೊಳ್ಳೋಣ.

ಮೊದಲು ಎರಕ. ಮರಳಿನ ಅಚ್ಚಿನೊಳಗೆ ನೀರು ಹರಿಯುವ ದಾರಿಗಳಿಗೆ ಕೋರ್, ಅಂದರೆ ಟೊಳ್ಳು ಉಳಿಸುವ ಒಳ ಅಚ್ಚು, ಇಡಬೇಕು. ಲೋಹ ಸಂದುಗೊಂದುಗಳಿಗೂ ಹರಿಯಲೆಂದು ಅಲ್ಯೂಮಿನಿಯಂಗೆ ಸಿಲಿಕಾನ್ ಬೆರೆಸುತ್ತಾರೆ. ಬೀಡುಕಬ್ಬಿಣಕ್ಕೆ 1,400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಬೇಕಾದರೆ ಇದಕ್ಕೆ ಸುಮಾರು 700 ಸಾಕು. ಆದರೆ ಕರಗಿದ ಅಲ್ಯೂಮಿನಿಯಂ ತೇವದಿಂದ ಹೈಡ್ರೋಜನ್ ಹೀರುತ್ತದೆ, ಆರುವಾಗ ಆ ಅನಿಲ ಒಳಗೆ ಸಣ್ಣ ರಂಧ್ರಗಳನ್ನು ಉಳಿಸುತ್ತದೆ. ಅದಕ್ಕೇ ಹೊಯ್ಯುವ ಮುನ್ನ ಆರ್ಗಾನ್ ಅಥವಾ ನೈಟ್ರೋಜನ್ ಹಾಯಿಸಿ ಹೈಡ್ರೋಜನ್ ತೆಗೆಯಬೇಕು. ಬೆಳಗಾವಿಯ ಜಡಿಮಳೆಯಲ್ಲಂತೂ ಇಂಗಟ್ (ಲೋಹದ ಗಟ್ಟಿ), ಲ್ಯಾಡಲ್ (ಹೊಯ್ಯುವ ಸೌಟು) ಎಲ್ಲವನ್ನೂ ಕಾಯಿಸಿ ಒಣಗಿಸದೆ ಕೆಲಸಕ್ಕೆ ಕೈಹಾಕಲೇಬಾರದು. ತೇವ ತಗುಲಿದರೆ ಕಾದ ಲೋಹ ಸಿಡಿಯುತ್ತದೆ.

ನನ್ನ ಪ್ರಕಾರ ಇಡೀ ಎಂಜಿನ್‌ನ ಜಾಣ್ಮೆ ಇರುವುದು ಲೈನರ್‌ನಲ್ಲಿ, ಅಂದರೆ ಸಿಲಿಂಡರ್‌ನ ಒಳಗೋಡೆಯಾಗುವ ಕೊಳವೆಯಲ್ಲಿ. ಈ ಬ್ಲಾಕ್‌ನ ಅಲ್ಯೂಮಿನಿಯಂ ಮೆದು. ಸಿಲಿಂಡರ್‌ನೊಳಗೆ ಹಿಂದೆ ಮುಂದೆ ಆಡುವ ಪಿಸ್ಟನ್‌ನ ರಿಂಗ್‌ಗಳ ಉಜ್ಜಾಟ ತಾಳದು. ಬ್ಯೂಕ್ ಕಬ್ಬಿಣದ ಲೈನರ್‌ಗಳನ್ನು ಅಚ್ಚಿನಲ್ಲೇ ಇಟ್ಟು ಸುತ್ತ ಅಲ್ಯೂಮಿನಿಯಂ ಹೊಯ್ಯುತ್ತಿತ್ತು. ರೋವರ್ ಬ್ಲಾಕ್ ಎರಕವಾದ ಮೇಲೆ ಅವನ್ನು ಒತ್ತಿ ಕೂಡ್ರಿಸಿತು. ವರ್ಕ್‌ಶಾಪ್‌ನಲ್ಲಿ ಲೈನರ್ ಬದಲಿಸುವಾಗ ಬ್ಲಾಕ್ ಕಾಯಿಸುತ್ತಾರೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಬೋರ್ (ಲೈನರ್ ಕೂರುವ ರಂಧ್ರ) ಅಗಲವಾಗುತ್ತದೆ, ತಣ್ಣನೆಯ ಲೈನರ್ ಸಲೀಸಾಗಿ ಇಳಿಯುತ್ತದೆ. ಬ್ಲಾಕ್ ಆರಿದಾಗ, ಚಕ್ಕಡಿ ಗಾಲಿಗೆ ಕಾಯಿಸಿ ಹಾಕಿದ ಹಳಿಯಂತೆ, ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆಮೇಲೆ ಬೋರಿಂಗ್ (ಒಳಗನ್ನು ಅಳತೆಗೆ ಕೊರೆಯುವುದು), ಹೋನಿಂಗ್ (ಉಜ್ಜಿ ನಯಗೊಳಿಸುವುದು).

ಇನ್ನು ಜೋಡಣೆ. ನಾಲ್ಕು ನಾಲ್ಕು ಸಿಲಿಂಡರ್‌ಗಳ ಎರಡು ಸಾಲು 90 ಡಿಗ್ರಿ ಕೋನದಲ್ಲಿವೆ. ಪಿಸ್ಟನ್‌ಗಳ ಆಟವನ್ನು ತಿರುಗಾಟವಾಗಿಸುವ ಕ್ರ್ಯಾಂಕ್‌ಶಾಫ್ಟ್‌ಗೆ ಪಿನ್ ನಾಲ್ಕೇ. ಒಂದೊಂದಕ್ಕೂ ಎದುರುಬದುರು ಸಾಲಿನ ಎರಡು ಕನೆಕ್ಟಿಂಗ್ ರಾಡ್ (ಪಿಸ್ಟನ್ ಜೋಡಿಸುವ ಸರಳು). ಎರಡು ಸಾಲುಗಳ ನಡುವಿನ ಒಂದೇ ಕ್ಯಾಮ್‌ಶಾಫ್ಟ್ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ತಿರುಗಿ, ಪುಶ್‌ರಾಡ್ ಎಂಬ ತಳ್ಳುಸರಳುಗಳ ಮೂಲಕ 16 ವಾಲ್ವ್‌ಗಳನ್ನು (ಅನಿಲ ಒಳಬಿಡುವ, ಹೊರಬಿಡುವ ಬಾಗಿಲು) ನಡೆಸುತ್ತದೆ.

ಎಳೆತ, ಒತ್ತಡ, ಸ್ಫೋಟ, ಹೊಗೆ ಹೊರದೂಡಿಕೆ ಎಲ್ಲ ನಾಲ್ಕು-ಸ್ಟ್ರೋಕ್ ಪೆಟ್ರೋಲ್ ಎಂಜಿನ್‌ಗಳಂತೆಯೇ. ಎರಡು ಸುತ್ತಿನಲ್ಲಿ, ಅಂದರೆ 720 ಡಿಗ್ರಿಯಲ್ಲಿ, ಎಂಟು ಸಲ ಕಿಡಿ: ಪ್ರತಿ 90 ಡಿಗ್ರಿಗೊಂದು. ರೋವರ್‌ನಲ್ಲಿ ಸಿಲಿಂಡರ್‌ಗಳಿಗೆ ಕಿಡಿ ಹಾರುವ ಸರದಿ 1-8-4-3-6-5-7-2. ಒಂದು ಸಿಲಿಂಡರ್‌ನ ತಳ್ಳು ಮುಗಿಯುವ ಮೊದಲೇ ಇನ್ನೊಂದರದು ಶುರುವಾಗುವುದರಿಂದ ಓಟ ಅಷ್ಟು ನಯ.

ಅಲ್ಯೂಮಿನಿಯಂ ಹಗುರ, ಆದರೆ ಶಾಖಕ್ಕೆ ಅಂಜುತ್ತದೆ. ಅತಿಯಾಗಿ ಕಾದರೆ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಸೊಟ್ಟಗಾಗುತ್ತದೆ, ಲೈನರ್ ಸಡಿಲಾಗಬಹುದು. ರೇಡಿಯೇಟರ್‌ಗೆ ಬರೀ ನಲ್ಲಿ ನೀರು ಹಾಕಬೇಡಿ. ತುಕ್ಕು ತಡೆಯುವ ಕೂಲಂಟ್ ಬೇಕೇ ಬೇಕು. ಎಂಜಿನ್ ಪೂರ್ತಿ ತಣ್ಣಗಾಗದೆ ಹೆಡ್ ಬೋಲ್ಟ್ ಸಡಿಲಿಸಬೇಡಿ. ಮತ್ತೆ ಬಿಗಿಯುವಾಗ ನಡುವಿನಿಂದ ಶುರುಮಾಡಿ, ಹಂತ ಹಂತವಾಗಿ, ಟಾರ್ಕ್ ರೆಂಚ್ (ಬಿಗಿತ ಅಳೆಯುವ ಸ್ಪ್ಯಾನರ್) ಹಿಡಿದೇ ಅಂಚಿಗೆ ಬನ್ನಿ.