ಬೆಂಗಳೂರಿನಲ್ಲಿ ಕಾಡುಪಾಪವನ್ನು ನೋಡುವ ಕ್ರಮ

ರಾತ್ರಿ ಮಾತ್ರ ಸಂಚರಿಸುವ ಕಾಡುಪಾಪವನ್ನು (ಸ್ಲೆಂಡರ್ ಲೋರಿಸ್) ನೋಡಬೇಕೆನ್ನುವವರು ಮೊದಲು ಹಗಲಿನಲ್ಲಿ ಹೋಗಿ ಮರಗಳನ್ನು ಗಮನಿಸಿ ಬರಬೇಕು. ಬಾಲವಿಲ್ಲದ, ಕಾಲು ಕಿಲೋ ತೂಕದ ಈ ಪ್ರಾಣಿಗೆ ನೆಗೆಯಲು ಬಾರದು. ಒಂದು ಕೊಂಬೆಯನ್ನು ಹಿಂಗಾಲುಗಳಿಂದ ಹಿಡಿದುಕೊಂಡೇ ಮುಂದಿನದಕ್ಕೆ ಕೈ ಚಾಚುತ್ತದೆ. ಆದ್ದರಿಂದ ಮರದಿಂದ ಮರಕ್ಕೆ ಕೊಂಬೆಗಳು ತಾಗಿಕೊಂಡು, ನಡುವೆ ಬಳ್ಳಿ ಹಬ್ಬಿರುವ ಕಡೆಯಲ್ಲೇ ಹುಡುಕಬೇಕು. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಗಳಲ್ಲಿ ಕಾಡುಪಾಪ ಇಂದಿಗೂ ಉಳಿದಿರುವುದು ಇಂಥ ಮರಗಳಿಂದಾಗಿ. ಅಲ್ಲಿ ರಾತ್ರಿ ಓಡಾಡಲು ಅನುಮತಿ ಪಡೆದು, ಕಾವಲು ಸಿಬ್ಬಂದಿಗೆ ಮುಂಚೆಯೇ ತಿಳಿಸಿರಬೇಕು.

ಕತ್ತಲಾದ ಮೇಲೆ ಇಬ್ಬರು ಮೂವರು ಮಾತ್ರ, ಮಾತಿಲ್ಲದೆ, ನಿಧಾನವಾಗಿ ನಡೆಯಿರಿ. ಟಾರ್ಚಿಗೆ ಕೆಂಪು ಬಣ್ಣದ ಹಾಳೆ ಸುತ್ತಿ, ಅದನ್ನು ನಿಮ್ಮ ಕಣ್ಣಿನ ಮಟ್ಟದಲ್ಲೇ ಹಿಡಿದರೆ, ಪ್ರಾಣಿಯ ಕಣ್ಣಿನ ಹಿಂಭಾಗದ ಪ್ರತಿಫಲಕ ಪದರದಿಂದ ಮರಳುವ ಬೆಳಕು ನೇರವಾಗಿ ನಿಮಗೆ ಕಾಣುತ್ತದೆ. ಎಲೆಗಳ ನಡುವೆ ಒತ್ತಾಗಿ ಹೊಳೆಯುವ ಎರಡು ಚುಕ್ಕೆಗಳು ಕಂಡ ಕೂಡಲೇ ನಿಂತು, ಬೆಳಕನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಕಾಯಿರಿ. ಕತ್ತಲಿಗೆ ಹೊಂದಿಕೊಂಡ ಆ ದೊಡ್ಡ ಕಣ್ಣುಗಳಿಗೆ ಬಿಳಿ ಬೆಳಕು, ಅದರಲ್ಲೂ ಕ್ಯಾಮೆರಾದ ಫ್ಲ್ಯಾಶ್, ನಿಜವಾದ ಹಿಂಸೆ. ಚಿತ್ರ ಸಿಗದಿದ್ದರೂ ಪರವಾಗಿಲ್ಲ, ಫ್ಲ್ಯಾಶ್ ಬೇಡವೇ ಬೇಡ.

ತಾಳ್ಮೆಯಿದ್ದರೆ ಅದರ ಬೇಟೆಯನ್ನೂ ನೋಡಬಹುದು. ಹುಳುವಿನ ವಾಸನೆ ಹಿಡಿದು ಅತ್ಯಂತ ಮೆಲ್ಲಗೆ ಹತ್ತಿರ ಸಾಗುವ ಕಾಡುಪಾಪ, ಕೊನೆಯ ಕ್ಷಣದಲ್ಲಿ ಮಾತ್ರ ಹಠಾತ್ತನೆ ಕೈ ಚಾಚಿ ಅದನ್ನು ಬಾಚಿಕೊಳ್ಳುತ್ತದೆ. ಇರುವೆ, ಗೆದ್ದಲು, ಜೀರುಂಡೆಗಳ ಜೊತೆಗೆ ಮರದ ಅಂಟನ್ನೂ ಅದು ತಿನ್ನುತ್ತದೆ. ಕೆಲವೊಮ್ಮೆ ತನ್ನ ಮೂತ್ರವನ್ನೇ ಕೈಕಾಲುಗಳಿಗೆ ಸವರಿಕೊಳ್ಳುವುದೂ ಕಾಣಸಿಗುತ್ತದೆ. ಅದನ್ನು ರೋಗವೆಂದು ಭಾವಿಸಬೇಕಿಲ್ಲ.

ಕೊಂಬೆಯೊಂದರಲ್ಲಿ ಮರಿ ಒಂಟಿಯಾಗಿದ್ದರೆ ಮುಟ್ಟಬೇಡಿ. ತಾಯಿ ಮರಿಯನ್ನು ಹಾಗೆ ಬಿಟ್ಟು ಆಹಾರಕ್ಕೆ ಹೋಗಿ ಮರಳುವುದು ಈ ಜಾತಿಯ ಸಹಜ ಪದ್ಧತಿ. ಗಾಯಗೊಂಡ ಪ್ರಾಣಿ ನೆಲದ ಮೇಲೆ ಸಿಕ್ಕರೆ ನಾಯಿಗಳನ್ನು ದೂರವಿಟ್ಟು, ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಕಾಡುಪಾಪವನ್ನು ಮನೆಯಲ್ಲಿ ಸಾಕುವುದು ಅಪರಾಧ. ವಾಮಾಚಾರಕ್ಕಾಗಿ ಅದನ್ನು ಹಿಡಿದು ಹಿಂಸಿಸುವ ಕ್ರೌರ್ಯ ಇರುವುದರಿಂದ, ಕಂಡ ಮರದ ನಿಖರ ಜಾಗವನ್ನು ಜಾಲತಾಣಗಳಲ್ಲಿ ಹಂಚಿಕೊಳ್ಳಬಾರದು.

ಕಾಡುಪಾಪವಿರುವ ಬಡಾವಣೆಯಲ್ಲಿ ಮರ ಸವರುವವರು ಬಂದಾಗ ಮನೆಯವರು ಎದುರಿಗೇ ನಿಂತಿರುವುದು ಒಳ್ಳೆಯದು. ಪಕ್ಕದ ಮರಕ್ಕೆ ತಾಗುವ ಒಂದೆರಡು ಕೊಂಬೆಗಳನ್ನಾದರೂ ಕಡಿಯದೆ ಉಳಿಸಲು ಹೇಳಿ. ಅವು ಹೋದರೆ ಪ್ರಾಣಿ ನೆಲಕ್ಕಿಳಿಯಬೇಕಾಗುತ್ತದೆ, ಇಲ್ಲವೇ ವಿದ್ಯುತ್ ತಂತಿಯನ್ನು ಹಿಡಿಯುತ್ತದೆ.